ಗುಡುಗುಡಿಯ ಸುಖ ಮತ್ತು ಶರೀಫರ ಪದ

ಶಿಶುನಾಳ ಶರೀಫರ ತತ್ವಪದಗಳಲ್ಲಿ ಗುಡುಗುಡಿಯನ್ನು ಕುರಿತ ಪದವೊಂದಿದೆ. ಭಜನಾ ಮೇಳಗಳಲ್ಲಿ ಅದು ಹಿಂದಿನಿಂದಲೂ ಇತ್ತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಆಲ್ಬಮ್ಮಿನಲ್ಲಿ ಅದನ್ನು ಗಿಟಾರಿನ ಜೊತೆ ಹಾಡಿದ ಮೇಲೆ ಕಾಲೇಜು ಹುಡುಗರ ಬಾಯಿಗೂ ಬಂತು. ಕನ್ನಡದ ಒಬ್ಬ ಮುಸ್ಲಿಂ ಅನುಭಾವಿಯ ಪದ ಒಂದೂವರೆ ಶತಮಾನ ದಾಟಿ ಹೊಸ ತಲೆಮಾರನ್ನು ಮುಟ್ಟಿತೆಂದರೆ ನಾವೆಲ್ಲ ಸಂತೋಷಪಡಬೇಕಾದ್ದೇ. ಆದರೆ ಈ ಜನಪ್ರಿಯತೆಯ ಜೊತೆಗೇ ಒಂದು ಗೊಂದಲವೂ ಬಂದಿದೆ. ಹುಡುಗರಲ್ಲಿ ಬಹಳ ಜನಕ್ಕೆ ಅದು ಹೊಗೆ ಬಿಡುವ ಖುಷಿಯ ಹಾಡು. ನಮ್ಮ ಸಮುದಾಯದ ಕೆಲವರಿಗೆ ಅದು ಮುಜುಗರದ ಹಾಡು. ಶರೀಫರು ಹಾಗೆ ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಅಂದುಕೊಳ್ಳುತ್ತಾರೆ. ವಿಚಾರ ಸಂಕಿರಣಗಳಿಗೆ ಹೋದರೆ ಅಲ್ಲಿ ಅದು 'ಭಾವೈಕ್ಯದ ಹಾಡು'. ಈ ಮೂರು ಓದುಗಳೂ ಬೇರೆಬೇರೆಯಾಗಿ ಕಂಡರೂ ಒಂದು ಕೊರತೆ ಮಾತ್ರ ಮೂರಕ್ಕೂ ಸಮಾನ. ಮೂರರಲ್ಲೂ ಗುಡುಗುಡಿಯೇ ಇಲ್ಲ.

ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ. ಗುಡುಗುಡಿ ಸೇದುವುದರಲ್ಲಿ ಜನ ಕಂಡ ಸುಖ ಎಂಥದು, ಅದು ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯದೆ ಶರೀಫರ ಪದವನ್ನು ಓದಲು ಬರುವುದಿಲ್ಲ. ಶರೀಫರು ಆ ಸುಖವನ್ನು ಬಲ್ಲವರು. ಬಲ್ಲವರಾದ್ದರಿಂದಲೇ ಅದರ ಒಂದೊಂದು ಭಾಗವನ್ನೂ ಬಿಚ್ಚಿ, ಬೇರೆ ಕೆಲಸಕ್ಕೆ ಹಚ್ಚಲು ಅವರಿಗೆ ಸಾಧ್ಯವಾಯಿತು.

ಬಿಜಾಪುರದಿಂದ ಹೊರಟ ಹೊಗೆ

ಹುಕ್ಕಾ ಎಂದ ಕೂಡಲೇ ದಿಂಬಿಗೆ ಒರಗಿದ ನವಾಬನೊಬ್ಬನ ಚಿತ್ರ ಕಣ್ಣ ಮುಂದೆ ಬರುವಂತೆ ಸಿನಿಮಾಗಳು ನಮ್ಮನ್ನು ಪಳಗಿಸಿವೆ. ಲಖನೌ, ದೆಹಲಿ, ಹೈದರಾಬಾದುಗಳ ಆಸ್ತಿ ಅದು ಎಂಬ ಭಾವನೆ ಬಲವಾಗಿದೆ. ಆದರೆ ಹೊಗೆಸೊಪ್ಪು ಮೊಗಲರ ದರ್ಬಾರಿಗೆ ಹೋದದ್ದು ನಮ್ಮ ನೆಲದಿಂದ. ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿದ್ದ ಹೊಗೆಸೊಪ್ಪು ಆಗಲೇ ಬಿಜಾಪುರದಲ್ಲಿ ದೊರೆಯುತ್ತಿತ್ತು. ಎರಡನೇ ಇಬ್ರಾಹಿಂ ಆದಿಲಶಾಹನ ಕಾಲ ಅದು. ಅಸದ್ ಬೇಗ್ 1604-05ರ ಸುಮಾರಿಗೆ ಸಾಕಷ್ಟು ಹೊಗೆಸೊಪ್ಪನ್ನೂ ಒಂದು ಸೊಗಸಾದ ಕೊಳವೆಯನ್ನೂ ಅಕ್ಬರನ ಮುಂದಿಟ್ಟ. ಸುಮಾರು ಮೂರು ಮೊಳ ಉದ್ದದ ಕೊಳವೆ, ತುದಿಗಳಿಗೆ ರತ್ನ ಮತ್ತು ಮೀನಾಕಾರಿ, ಬಾಯಿಗಿಡುವ ಕಡೆ ಯೆಮೆನಿನ ಅಕೀಕ್ ಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು. ಹೊಗೆಸೊಪ್ಪು ತುಂಬಿದ್ದ ಚೀಲ ಆದಿಲಶಾಹನೇ ಕೊಟ್ಟ ಎಲೆಅಡಿಕೆಯ ಸಂಚಿ.

ಮುಂದಿನ ಕತೆ ಇನ್ನೂ ಸ್ವಾರಸ್ಯವಾಗಿದೆ. ಅಕ್ಬರ್ ಎರಡು ಮೂರು ಸಲ ಎಳೆದ. ಹಕೀಮರು ತಡೆದರು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ, ಪರೀಕ್ಷೆ ಆಗದ ವಸ್ತುವನ್ನು ಬಾದಷಹರು ಸೇವಿಸುವುದು ಸರಿಯಲ್ಲ ಎಂದರು. ಅಸದ್ ಬೇಗ್ ವಾದಿಸಿದ: ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ? ಅಕ್ಬರನಿಗೆ ವಾದ ಹಿಡಿಸಿತು, ಆದರೆ ಚಟ ಹಿಡಿಯಲಿಲ್ಲ. ಅಮೀರರಿಗೆ ಮಾತ್ರ ಹಿಡಿಯಿತು. ವ್ಯಾಪಾರಿಗಳು ತರಿಸತೊಡಗಿದರು. ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ, 1617ರಲ್ಲಿ, ಜಹಾಂಗೀರ್ ಹೊಗೆ ಸೇದುವುದನ್ನೇ ನಿಷೇಧಿಸಬೇಕಾಯಿತು. ನಿಷೇಧ ಕಾಗದದ ಮೇಲೆ ಉಳಿಯಿತು.

ನೀರಿನ ಮೂಲಕ ಹೊಗೆ ಹಾಯಿಸುವ ಉಪಾಯವನ್ನು ಕಂಡುಹಿಡಿದವರು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತೆಹ್ ಗಿಲಾನಿ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಆದರೆ ಗಿಲಾನಿಯವರು ತೀರಿಕೊಂಡದ್ದು 1589ರಲ್ಲಿ. ಅಸದ್ ಬೇಗನ ಕೊಳವೆ ಆಸ್ಥಾನದಲ್ಲಿ ಅಚ್ಚರಿ ಹುಟ್ಟಿಸಿದ್ದು ಅದಾಗಿ ಸುಮಾರು ಹದಿನೈದು ವರ್ಷಗಳ ಮೇಲೆ. ಆದ್ದರಿಂದ ಈ ಕತೆಯನ್ನು ಹಾಗೇ ನಂಬಲು ಬರುವುದಿಲ್ಲ. ಗುಡುಗುಡಿಗೆ ದರ್ಬಾರಿನ ವಂಶಾವಳಿ ಬೇಕೇಬೇಕೆಂದೂ ಇಲ್ಲ. ತುರ್ಕರು ಹುಕ್ಕಾವನ್ನು ನಾರ್ಗಿಲೆ ಎನ್ನುತ್ತಾರೆ. ಅದು ಫಾರ್ಸಿಯ ನಾರ್ಗಿಲ್, ಅಂದರೆ ತೆಂಗಿನಕಾಯಿ. ನಮ್ಮ ನಾರಿಕೇಳದ ಬಳಗದ ಶಬ್ದ. ತೆಂಗಿನ ಬುರುಡೆಗೆ ತೂತು ಕೊರೆದು, ನೀರು ಹಾಕಿ, ಬಿದಿರಿನ ಕೊಳವೆ ಸಿಕ್ಕಿಸಿದ ಸಾಧನವೇ ಇದರ ಬಡ ರೂಪ. ಬಹುಶಃ ಮೊದಲ ರೂಪವೂ ಅದೇ ಇರಬಹುದು. ಕನ್ನಡಿಗರು ಅದಕ್ಕೆ ಅದರ ಸದ್ದಿನಿಂದಲೇ ಹೆಸರಿಟ್ಟರು.

ಬಡ ರೂಪಕ್ಕೆ ತೆಂಗಿನ ಬುರುಡೆಯಾದರೆ ಸಿರಿವಂತ ರೂಪಕ್ಕೆ ನಮ್ಮಲ್ಲಿ ಬಿದರಿಯ ಬುಡ. ಹದಿನೇಳು, ಹದಿನೆಂಟನೇ ಶತಮಾನದ ಬಿದರಿ ಹುಕ್ಕಾಬುಡಗಳು ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಕಪಾಟಿನಲ್ಲಿವೆ. ಸತು ಹೆಚ್ಚು, ತಾಮ್ರ ಕಡಿಮೆ ಹಾಕಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ಕೂರಿಸಿ, ಕಡೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹಳೆಯ ಬುಡಗಳು ಗುಂಡಗಿದ್ದವು. ಉರುಳದಂತೆ ಬಳೆಯ ಮೇಲೆ ಕೂರಿಸುತ್ತಿದ್ದರು. ಆಮೇಲೆ ಗಂಟೆಯ ಆಕಾರದವು ಬಂದವು. ಅಂದ ಮಾತ್ರವಲ್ಲ, ಅದರಲ್ಲಿ ಅನುಕೂಲವೂ ಇತ್ತು: ಅಗಲವಾದ ಭಾರದ ಬುಡ ಅಲುಗುವುದಿಲ್ಲ, ನೀರೂ ಹೆಚ್ಚು ಹಿಡಿಯುತ್ತದೆ. ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಸುಬಿನ ಪುರಾತನ ಮಾದರಿಗಳಲ್ಲಿ ಎಷ್ಟೋ ಹುಕ್ಕಾಬುಡಗಳೇ ಎಂಬುದು ನೆನಪಿರಲಿ.

ಸುಖ ಹುಟ್ಟುವ ಕ್ರಮ

ಇನ್ನು ಸುಖದ ಮಾತಿಗೆ ಬರೋಣ. ಗುಡುಗುಡಿಯನ್ನು ಬಲ್ಲ ಹಿರಿಯರ ಪ್ರಕಾರ ಒಳ್ಳೆಯ ಸೇದಿಕೆಗೆ ಬೇಕಾದದ್ದು ಮುಖ್ಯವಾಗಿ ತಾಳ್ಮೆ. ಸೊಪ್ಪು ಎಷ್ಟೇ ಒಳ್ಳೆಯದಿರಲಿ, ಕಟ್ಟುವ ಕ್ರಮ ತಪ್ಪಿದರೆ ಕೆಟ್ಟಿತೆಂದೇ ಲೆಕ್ಕ. ಹೊಗೆಸೊಪ್ಪನ್ನು ಕುಟ್ಟಿ ಬೆಲ್ಲದ ಜೊತೆ ಕಲಸಬೇಕು. ಬೆಲ್ಲ ಕಡಿಮೆಯಾದರೆ ಗಂಟಲು ಕೆರೆಯುತ್ತದೆ, ಹೆಚ್ಚಾದರೆ ಕರಿದು ಅಂಟು ಹಿಡಿಯುತ್ತದೆ. ಅನುಕೂಲವಂತರು ಹಣ್ಣು, ಮಸಾಲೆ ಹಾಕಿ ಹುದುಗು ಬರಿಸಿದ ಖಮೀರಾ ಬಳಸುತ್ತಿದ್ದರು. ಚಿಲುಮೆಯಲ್ಲಿ ಅದನ್ನು ಅದುಮಬಾರದು, ಗಾಳಿ ಆಡುವಂತೆ ಸಡಿಲವಾಗಿ ತುಂಬಬೇಕು. ಬೆಂಕಿ ನೇರವಾಗಿ ಸೊಪ್ಪಿಗೆ ತಾಕಬಾರದು. ನಡುವೆ ಮಣ್ಣಿನ ಬಿಲ್ಲೆಯೊಂದನ್ನಿಟ್ಟು ಮೇಲೆ ಕೆಂಡ ಇಡಬೇಕು. ಸೊಪ್ಪು ಉರಿಯಬಾರದು, ಬೇಯಬೇಕು. ಬುರುಡೆಯ ನೀರನ್ನು ಪ್ರತಿ ಸಲ ಚೆಲ್ಲಿ ಹೊಸದಾಗಿ ತುಂಬಬೇಕು. ಉರ್ದುವಿನಲ್ಲಿ ಇದಕ್ಕೆ 'ಹುಕ್ಕಾ ತಾಜಾ ಮಾಡುವುದು' ಎಂಬ ಮಾತೇ ಇದೆ. ನೀರು ಹೆಚ್ಚಾದರೆ ಬಾಯಿಗೆ ಬರುತ್ತದೆ, ಕಡಿಮೆಯಾದರೆ ಸದ್ದಿಲ್ಲ. ಸದ್ದು ಕೇಳಿಯೇ ಹದ ಹೇಳುವವರಿದ್ದರು.

ನಮ್ಮ ಹೊಳೆಹೊನ್ನೂರಿನಲ್ಲಿ ಇದಕ್ಕೆ ಬೇಕಾದ್ದೆಲ್ಲ ಕೈಗೆಟಕುವಂತಿತ್ತು. ಮಗ್ಗುಲಲ್ಲೇ ಭದ್ರಾ ಹೊಳೆ. ಕಬ್ಬಿನ ಗದ್ದೆ, ಆಲೆಮನೆಯ ಬೆಲ್ಲ. ತೆಂಗಿನ ಚಿಪ್ಪಿನ ಕೆಂಡ. ನಮ್ಮ ನಾನಾ ಅವರದು ತೆಂಗಿನ ಬುರುಡೆಯ ಗುಡುಗುಡಿ. ಅಸರ್ ನಮಾಜು ಮುಗಿಸಿ ಬಂದು ಜಗಲಿಯ ಮೇಲೆ ಕುಳಿತು ಅದನ್ನು ಕಟ್ಟಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಸೇದುತ್ತಿದ್ದದ್ದು ಅದಕ್ಕಿಂತ ಕಡಿಮೆ ಹೊತ್ತು. "ಕಟ್ಟೋದ್ರಾಗೇ ಮುಕ್ಕಾಲು ಮಜಾ ಐತೆ, ಉಳಿದದ್ದು ಬರೀ ಹೊಗೆ" ಎಂದು ಅವರು ನಗುತ್ತಿದ್ದದ್ದುಂಟು. ಅಕ್ಕಪಕ್ಕದ ರೈತರು ಬರುತ್ತಿದ್ದರು. ಕೆಲವರು ಕೊಳವೆಗೆ ನೇರ ಬಾಯಿ ಇಡುತ್ತಿದ್ದರು, ಇನ್ನು ಕೆಲವರು ಮುಷ್ಟಿ ಕಟ್ಟಿ ಅದರ ಸಂದಿಯಿಂದ ಎಳೆಯುತ್ತಿದ್ದರು. ಯಾರು ಹೇಗೆ ಸೇದುತ್ತಾರೆಂಬುದರಲ್ಲಿ ಊರಿನ ಜಾತಿಯ ಲೆಕ್ಕವೂ ಇತ್ತು ಎಂಬುದು ನಮಗೆ ಬಹಳ ತಡವಾಗಿ ಹೊಳೆಯಿತು. ಆದರೂ ಗುಡುಗುಡಿ ಒಂದೇ ಇತ್ತು; ಕೈಯಿಂದ ಕೈಗೆ ಹೋಗುತ್ತಿತ್ತು.

ಇದಿಷ್ಟು ಹೇಳಿದ್ದು ಹಳೆಯ ಕಾಲವನ್ನು ಮೆಚ್ಚಿಸಲಿಕ್ಕಲ್ಲ. ಸುಖ ಎಂಬುದು ಸೊಪ್ಪಿನಲ್ಲಿ ಮಾತ್ರ ಇರಲಿಲ್ಲ, ಕೈಯ ಕೆಲಸದಲ್ಲಿ, ಕಾಯುವುದರಲ್ಲಿ, ಸದ್ದಿನಲ್ಲಿ, ಜೊತೆಯಲ್ಲಿ ಹಂಚಿಹೋಗಿತ್ತು ಎಂಬುದನ್ನು ತೋರಿಸಲಿಕ್ಕೆ. ಶರೀಫರ ಪದ ಹಿಡಿದಿರುವುದು ಈ ಕ್ರಮವನ್ನೇ. ಹಾಡುವವರ ಬಾಯಲ್ಲಿ ಮಾತುಗಳು ಅಲ್ಲಲ್ಲಿ ಬದಲಾಗುತ್ತವೆ, ಆದರೆ ರೂಪಕದ ಹಂದರ ಬದಲಾಗುವುದಿಲ್ಲ. ಮನಸ್ಸು ಸಂಚಿಯಾಗುತ್ತದೆ. ಮೋಹ ಭಂಗಿಸೊಪ್ಪಾಗುತ್ತದೆ, ಅದನ್ನು ದಿನದಿನವೂ ಕೊಚ್ಚಬೇಕು. ಬುದ್ಧಿ ಬೆಂಕಿಯಾಗುತ್ತದೆ, ಶರೀರ ಬುರುಡೆಯಾಗುತ್ತದೆ. ಸಂಚಿ ಬಿಚ್ಚುವುದು, ಕೊಚ್ಚುವುದು, ತುಂಬುವುದು, ಕೆಂಡ ಇಡುವುದು – ಇವುಗಳಲ್ಲಿ ಯಾವುದನ್ನೂ ಹಾರಿಸಿ ಮುಂದೆ ಹೋಗುವಂತಿಲ್ಲ. ಪದದ ತೂಕವೆಲ್ಲ ಕಟ್ಟುವ ಕೆಲಸದ ಮೇಲೇ ಬಿದ್ದಿದೆ. ನಾನಾ ಹೇಳುತ್ತಿದ್ದ ಮುಕ್ಕಾಲು ಪಾಲು ಅದು.

ಇನ್ನೊಂದು ಸೂಕ್ಷ್ಮವಿದೆ. ಪೇಟೆಯಿಂದ ತಂದ ಸೊಪ್ಪು ಮುಗಿದರೆ ಮತ್ತೆ ತರಬೇಕು. ಸುಖ ಮುಗಿದಲ್ಲಿಂದ ಬಯಕೆ ಶುರುವಾಗುತ್ತದೆ. ಚಟ ಎನ್ನುವುದು ಅದನ್ನೇ. ಶರೀಫರ ಗುಡುಗುಡಿಯಲ್ಲಿ ಸುಡುವ ಸೊಪ್ಪು ಬಯಕೆಯೇ. ಪ್ರತಿ ಸೇದಿಕೆಗೂ ಸಂಚಿ ಒಂದಿಷ್ಟು ಖಾಲಿಯಾಗುತ್ತದೆ. ಸಂಚಿ ತುಂಬಿದ್ದರೆ ಸುಖ ಎಂಬ ಲೋಕದ ಲೆಕ್ಕವನ್ನು ಅವರು ತಿರುವಿಹಾಕಿ, ಸಂಚಿ ಬರಿದಾದರೇ ಸುಖ ಎನ್ನುತ್ತಾರೆ. ಹೊಗೆ ಸೇದಬೇಡ ಎಂಬ ಬುದ್ಧಿವಾದಕ್ಕಿಂತ ಇದು ಆಳವಾದದ್ದು. ಬುದ್ಧಿವಾದ ಚಟವನ್ನು ಹೊರಗಿನಿಂದ ಬೈಯುತ್ತದೆ; ಈ ಪದ ಚಟದ ಒಳಗೇ ಹೊಕ್ಕು ಅದರ ಸಾಮಾನುಗಳಿಂದಲೇ ಅದನ್ನು ಸುಡುತ್ತದೆ. ಸೇದು ಎಂದು ಅಪ್ಪಣೆ ಕೊಡುವುದೂ ಇಲ್ಲ. ಪರೀಕ್ಷಿಸಿ ತಿಳಿ ಎಂದು ಸಲುಗೆಯಿಂದ ಕರೆಯುತ್ತದೆ.

ಚಿಲುಮೆ ತುಂಬುವವರು ಯಾರು?

ಉರ್ದುವಿನಲ್ಲಿ 'ಚಿಲಂ ಭರ್ನಾ' ಎಂಬ ಮಾತಿದೆ. ನೇರ ಅರ್ಥ ಚಿಲುಮೆ ತುಂಬುವುದು. ಬಳಕೆಯ ಅರ್ಥ ದೊಡ್ಡವರ ಊಳಿಗ ಮಾಡುವುದು, ಓಲೈಸುವುದು. ಒಂದು ನುಡಿಗಟ್ಟಿನಲ್ಲಿ ಇಡೀ ಸಮಾಜ ಕಾಣುತ್ತದೆ. ಸಿರಿವಂತರ ಹುಕ್ಕಾದ ಸುಖ ಅರ್ಧದಷ್ಟು ಇನ್ನೊಬ್ಬನ ದುಡಿಮೆಯಿಂದ ಬಂದದ್ದು. ಹುಕ್ಕಾ ಬರ್ದಾರ್ ಎಂಬ ಆಳೊಬ್ಬ ಇದಕ್ಕಾಗಿಯೇ ಇರುತ್ತಿದ್ದ. ಕಂಪನಿಯ ಸಾಹೇಬರೂ ಈ ಪದ್ಧತಿ ಕಲಿತರು. 1779ರಲ್ಲಿ ಕಲಕತ್ತೆಯಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿ ಕಳಿಸಿದ ಔತಣದ ಆಮಂತ್ರಣದಲ್ಲಿ, ಹುಕ್ಕಾ ಬರ್ದಾರನ ಹೊರತು ಬೇರೆ ಆಳುಗಳನ್ನು ಕರೆತರಬೇಡಿ ಎಂದು ಅತಿಥಿಗಳಿಗೆ ಕೋರಲಾಗಿತ್ತು. ಉಳಿದ ಆಳುಗಳಿಲ್ಲದೆ ನಡೆಯಬಹುದು, ಚಿಲುಮೆ ತುಂಬುವವನಿಲ್ಲದೆ ನಡೆಯದು! ಆ ಕಾಲದ ಚಿತ್ರಗಳನ್ನು ನೋಡಿ. ಸೇದುವವನ ಮುಖ ಎದ್ದು ಕಾಣುತ್ತದೆ, ತುಂಬಿ ಕೊಟ್ಟವನು ಅಂಚಿನಲ್ಲಿ ನಿಂತಿರುತ್ತಾನೆ.

ಶರೀಫರ ಪದದಲ್ಲಿ ಹುಕ್ಕಾ ಬರ್ದಾರ್ ಇಲ್ಲ. ಸಂಚಿ ಬಿಚ್ಚುವವನು, ಸೊಪ್ಪು ಕೊಚ್ಚುವವನು, ಬೆಂಕಿ ಇಡುವವನು, ಸೇದುವವನು ಎಲ್ಲ ಒಬ್ಬನೇ. ನಿನ್ನ ಮೋಹವನ್ನು ಇನ್ನೊಬ್ಬ ಕೊಚ್ಚಿಕೊಡಲಾರ. ಗುರು ದಾರಿ ತೋರಿಸಬಹುದು, ಚಿಲುಮೆ ತುಂಬಿಕೊಡಲಾರ. ಸೂಫಿ ಪರಂಪರೆಯ ಬಗ್ಗೆ ಒಂದು ಆಕ್ಷೇಪವಿದೆ: ಪೀರನ ಪಾದ ಹಿಡಿದರೆ ಸಾಕೆಂದು ಜನ ತಮ್ಮ ಹೊಣೆಯನ್ನು ಕೈಬಿಡುತ್ತಾರೆ ಎಂಬುದು. ಆ ಆಕ್ಷೇಪದಲ್ಲಿ ಸತ್ಯ ಇಲ್ಲದೇ ಇಲ್ಲ. ಆದರೆ ಅದನ್ನು ಈ ಪದಕ್ಕೆ ಅಂಟಿಸಲು ಬರುವುದಿಲ್ಲ. ಗೋವಿಂದ ಭಟ್ಟರಂಥ ಗುರುವನ್ನು ಅಷ್ಟು ಪ್ರೀತಿಸಿದ ಶರೀಫರೇ ಇಲ್ಲಿ ದುಡಿಮೆಯನ್ನು ಶಿಷ್ಯನ ಕೈಯಲ್ಲೇ ಬಿಟ್ಟಿದ್ದಾರೆ.

ದುಡಿಮೆಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಒಬ್ಬರ ಹೊಗೆಯ ಸುಖದ ಹಿಂದೆ ಕಾಣದ ಕೈಗಳು ಬಹಳ ಇವೆ. ನಿಪ್ಪಾಣಿಯ ತಂಬಾಕು ರೈತರು ನ್ಯಾಯವಾದ ಬೆಲೆಗಾಗಿ 1981ರಲ್ಲಿ ಬೀದಿಗಿಳಿದಾಗ ಗೋಲಿಬಾರಿಗೆ ಎದೆಯೊಡ್ಡಬೇಕಾಯಿತು. ಕರಾವಳಿಯಲ್ಲಿ ಸೂಪಿನ ಮುಂದೆ ಕುಳಿತು ಬೀಡಿ ಕಟ್ಟಿ ಸಂಸಾರ ತೂಗಿದ ಹೆಂಗಸರಲ್ಲಿ ನಮ್ಮ ಸಮುದಾಯದವರು ಎಷ್ಟೋ ಮಂದಿ. ಅವರು ಸೇದುವವರಲ್ಲ, ಧೂಳು ಮಾತ್ರ ಅವರ ಪಾಲು. ಸುಖದ ಲೆಕ್ಕ ಬರೆಯುವಾಗ ಈ ಸಾಲನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಹುಕ್ಕಾ-ಪಾನಿ

ಉರ್ದು, ಹಿಂದಿಗಳಲ್ಲಿ ಬಹಿಷ್ಕಾರಕ್ಕೆ 'ಹುಕ್ಕಾ-ಪಾನಿ ಬಂದ್' ಎನ್ನುತ್ತಾರೆ. ಹುಕ್ಕಾ ಮತ್ತು ನೀರು ನಿಲ್ಲಿಸಿದರೆ ಒಬ್ಬನನ್ನು ಊರಿನಿಂದ ಹೊರಗಿಟ್ಟಂತೆ. ಬದುಕಲು ನೀರು ಬೇಕು, ಸರಿ. ಅದರ ಪಕ್ಕದಲ್ಲಿ ಹುಕ್ಕಾ ಹೇಗೆ ಬಂತು? ಒಂದೇ ಕೊಳವೆಗೆ ಬಾಯಿಡುವುದೆಂದರೆ ನೀನು ನಮ್ಮವನು ಎಂದು ಒಪ್ಪಿಕೊಂಡಂತೆ ಎಂಬ ಕಾರಣದಿಂದ. ಗುಡುಗುಡಿಯ ತೃಪ್ತಿ ಪೂರ್ಣವಾಗಬೇಕಾದರೆ ಪಕ್ಕದಲ್ಲಿ ಇನ್ನೊಬ್ಬ ಇರಬೇಕು, ಕೊಳವೆ ಅವನ ಕಡೆ ತಿರುಗಬೇಕು. ಹಂಚಿಕೊಳ್ಳುವ ವಸ್ತುವಾದ್ದರಿಂದಲೇ ಅದು ಹೊರಗಿಡುವ ಆಯುಧವೂ ಆಯಿತು.

ಈ ನುಡಿಗಟ್ಟು ಹಳೆಯದಾಯಿತು ಎಂದುಕೊಂಡಿದ್ದೆವು. 2022ರ ಮಾರ್ಚಿನಲ್ಲಿ ಹೊಳೆಹೊನ್ನೂರಿಗೆ ಸಮೀಪದ ಶಿವಮೊಗ್ಗದಲ್ಲಿ ಕೋಟೆ ಮಾರಿಕಾಂಬ ಜಾತ್ರೆ ನಡೆದಾಗ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಕರಾವಳಿಯ ಕೆಲವು ಜಾತ್ರೆಗಳಲ್ಲೂ ಹಾಗೇ ಆಯಿತು. ಬಳೆ, ಆಟಿಕೆ, ಹಣ್ಣು ಮಾರುವವರ ಹುಕ್ಕಾ-ಪಾನಿ ನಿಂತಿತು. ಮಾತನಾಡಿದವರೂ ಇದ್ದರು, ಸುಮ್ಮನಿದ್ದವರು ಹೆಚ್ಚಿದ್ದರು. ಅಂದು ನಷ್ಟವಾದದ್ದು ಎರಡು ದಿನದ ವ್ಯಾಪಾರ ಮಾತ್ರ ಎನ್ನುವವರಿಗೆ ಜಾತ್ರೆ ಎಂದರೇನೆಂದು ಗೊತ್ತಿಲ್ಲ.

ಶರೀಫರನ್ನು 'ಭಾವೈಕ್ಯದ ಹರಿಕಾರ' ಎಂದು ವೇದಿಕೆಯ ಮೇಲೆ ಹೊಗಳುವುದು ಸುಲಭ. 1819ರಲ್ಲಿ ಶಿಗ್ಗಾವಿ ಸೀಮೆಯ ಶಿಶುವಿನಹಾಳದಲ್ಲಿ ಹುಟ್ಟಿದ ಒಬ್ಬ ಮುಸಲ್ಮಾನ, ಕಳಸದ ಒಬ್ಬ ಬ್ರಾಹ್ಮಣನನ್ನು ಗುರುವಾಗಿ ಪಡೆದದ್ದು; ಆ ಬ್ರಾಹ್ಮಣ ತನ್ನವರ ಸಿಟ್ಟಿಗೆ ಸೊಪ್ಪು ಹಾಕದೆ ಈ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು; 1889ರಲ್ಲಿ ಶರೀಫರು ತೀರಿಕೊಂಡ ಮೇಲೆ ಎರಡೂ ಕಡೆಯವರು ಅವರ ಗದ್ದುಗೆಗೆ ನಡೆದುಕೊಂಡದ್ದು – ಇವೆಲ್ಲ 1990ರ ನಾಗಾಭರಣರ ಚಿತ್ರ ನೋಡಿದವರಿಗೂ ಗೊತ್ತು. ಆದರೆ ಭಾವೈಕ್ಯ ಎಂಬುದು ಭಾವಚಿತ್ರಕ್ಕೆ ಹಾಕುವ ಹಾರವಾದರೆ ಸಾಲದು. ಕೊಳವೆಯನ್ನು ಪಕ್ಕದವನ ಕಡೆ ತಿರುಗಿಸುವ ಸಣ್ಣ ಕೆಲಸ ಅದು. ಶರೀಫರ ಪದವನ್ನು ತಲೆದೂಗುತ್ತ ಕೇಳಿ, ಜಾತ್ರೆಯಲ್ಲಿ ಬಳೆ ಮಾರುವವನನ್ನು ಹೊರಗಿಟ್ಟರೆ ಪದ ಕೇಳಿದ ಹಾಗಾಗುವುದಿಲ್ಲ.

ದಮ್ಮು

ಇನ್ನು ನಮ್ಮವರ ಮುಜುಗರದ ಪ್ರಶ್ನೆ. ಹೊಗೆಸೊಪ್ಪು ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಇರಲಿಲ್ಲವಾದ್ದರಿಂದ ಅದರ ಬಗ್ಗೆ ಉಲೆಮಾಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಉಸ್ಮಾನಿ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಹೊಗೆ ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದ. ಅದೇ ಶತಮಾನದ ಕೊನೆಯ ಭಾಗದಲ್ಲಿ ದಮಾಸ್ಕಸ್ಸಿನ ಅಬ್ದುಲ್ ಗನಿ ನಾಬುಲುಸಿ ಎಂಬ ಸೂಫಿ ವಿದ್ವಾಂಸರು ಅದು ನಿಷಿದ್ಧವಲ್ಲ ಎಂದು ಗ್ರಂಥ ಬರೆದರು. ಹಸಿ ಬೆಳ್ಳುಳ್ಳಿ ತಿಂದ ವಾಸನೆಯಲ್ಲಿ ಮಸೀದಿಗೆ ಬರಬಾರದೆಂಬ ನಿಯಮವನ್ನು ಇದಕ್ಕೂ ಅನ್ವಯಿಸಿ ಮಕ್ರೂಹ್ ಎಂದವರು ಹಲವರು. ಇಂದು ವೈದ್ಯರ ಮಾತು ಸ್ಪಷ್ಟವಾದ ಮೇಲೆ ಹರಾಮ್ ಎನ್ನುವ ಉಲೆಮಾಗಳೇ ಬಹಳ. ದೇಹ ನಮಗೆ ಒಪ್ಪಿಸಿದ ಅಮಾನತ್ತು, ಅದನ್ನು ಕೆಡಿಸುವ ಹಕ್ಕು ನಮಗಿಲ್ಲ ಎಂಬ ಆಧಾರ ಗಟ್ಟಿಯಾದದ್ದು. ನಾವೂ ಅದನ್ನು ಒಪ್ಪುತ್ತೇವೆ.

ಏಕೆಂದರೆ ಗುಡುಗುಡಿಯ ನೀರಿನ ಬಗ್ಗೆ ಒಂದು ದೊಡ್ಡ ಸುಳ್ಳು ನಾಲ್ಕು ಶತಮಾನಗಳಿಂದ ಓಡಾಡುತ್ತಿದೆ. ನೀರು ಹೊಗೆಯ ವಿಷವನ್ನು ಹೀರಿಕೊಳ್ಳುತ್ತದೆ ಎಂಬುದು ಆ ಸುಳ್ಳು. ನೀರು ಹೊಗೆಯನ್ನು ತಂಪು ಮಾಡುತ್ತದೆ, ಅಷ್ಟೇ. ತಂಪಾದ್ದರಿಂದ ಗಂಟಲಿಗೆ ಹಿತ. ಹಿತವಾದ್ದರಿಂದ ಎದೆಯಾಳಕ್ಕೆ, ಬಹಳ ಹೊತ್ತು ಎಳೆಯುತ್ತಾರೆ. ಕೆಂಡದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ನಿಲ್ಲುವುದಿಲ್ಲ, ನೇರ ರಕ್ತಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು: ಒಂದು ಗಂಟೆಯ ಹುಕ್ಕಾ ಸೇವನೆಯಲ್ಲಿ ಒಳಗೆ ಹೋಗುವ ಹೊಗೆಯ ಪ್ರಮಾಣ ಒಂದು ಸಿಗರೇಟಿನ ಹೊಗೆಯ 100ರಿಂದ 200 ಪಟ್ಟು. ಸುಖಕ್ಕೆ ಕಾರಣವಾದ ತಂಪೇ ಕೇಡಿನ ಬಾಗಿಲು. ನಗರಗಳ ಹುಕ್ಕಾ ಬಾರುಗಳು ಹಣ್ಣಿನ ಸುವಾಸನೆ ಬೆರೆಸಿ ಈ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದವು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಅದೇ ಏಪ್ರಿಲ್‌ನಲ್ಲಿ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಬಾರುಗಳಲ್ಲಿ ಕಟ್ಟುವ ಕೆಲಸವೂ ಇರಲಿಲ್ಲ, ಜಗಲಿಯೂ ಇರಲಿಲ್ಲ. ಬಾಡಿಗೆಯ ಹುಕ್ಕಾ ಬರ್ದಾರನೊಬ್ಬ ಇದ್ದ, ಹೊಗೆ ಇತ್ತು. ಅವು ಮುಚ್ಚಿದ್ದಕ್ಕೆ ನಮಗೆ ವ್ಯಥೆಯಿಲ್ಲ.

ಜಗಲಿಯ ಗುಡುಗುಡಿಯೂ ಯಾರನ್ನೂ ಬಿಡಲಿಲ್ಲ. ನಮ್ಮ ನಾನಾ ಕೊನೆಯ ಎರಡು ಚಳಿಗಾಲಗಳನ್ನು ದಮ್ಮಿನಿಂದ ನರಳಿ ಕಳೆದರು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವರ ಎದೆಯೊಳಗಿನಿಂದ ಬರುತ್ತಿದ್ದ ಸದ್ದು ಗುಡುಗುಡಿಯ ಸದ್ದಿನಂತೆಯೇ ಇತ್ತು. ಅದನ್ನು ಕೇಳಿದವರು ಹೊಗೆಯನ್ನು ಹೊಗಳಿ ಬರೆಯಲಾರರು.

ದಮ್ಮು ಎಂಬ ಈ ಮಾತನ್ನು ಗಮನಿಸಬೇಕು. ಫಾರ್ಸಿಯಲ್ಲಿ ದಮ್ ಎಂದರೆ ಉಸಿರು. ಕನ್ನಡಕ್ಕೆ ಬಂದು ಅದು ಮೂರಾಯಿತು. ಬೀಡಿಯ ಒಂದು ಎಳೆತಕ್ಕೆ ದಮ್ಮು ಎನ್ನುತ್ತೇವೆ. ಉಸಿರುಗಟ್ಟುವ ಉಬ್ಬಸಕ್ಕೂ ದಮ್ಮು ಎನ್ನುತ್ತೇವೆ. 'ನಿನಗೆ ದಮ್ಮಿದೆಯೇನೋ' ಎಂದರೆ ಕಸುವು. ಉಸಿರು, ಸುಖ, ರೋಗ, ಕಸುವು ಒಂದೇ ಶಬ್ದದಲ್ಲಿ ಕೂತಿವೆ. ಸೂಫಿಗಳಿಗೆ ದಮ್ ಸಾಧನೆಯ ಶಬ್ದವೂ ಹೌದು. ಚಿಶ್ತಿಗಳಲ್ಲಿ ಪಾಸ್-ಎ-ಅನ್ಫಾಸ್ ಎಂಬ ಅಭ್ಯಾಸವಿದೆ: ಒಳಗೆ ಹೋಗುವ, ಹೊರಗೆ ಬರುವ ಪ್ರತಿ ಉಸಿರನ್ನೂ ಕಾಯುವುದು, ಒಂದೂ ಅಲ್ಲಾಹನ ನೆನಪಿಲ್ಲದೆ ದಾಟದಂತೆ ನೋಡಿಕೊಳ್ಳುವುದು. ನಖ್ಶಬಂದಿಗಳು ಇದನ್ನೇ ಹೋಶ್ ದರ್ ದಮ್ ಎನ್ನುತ್ತಾರೆ; ಉಸಿರಿನಲ್ಲಿ ಎಚ್ಚರ. ನಮ್ಮ ಆರೂಢ, ಅವಧೂತ ಪರಂಪರೆಗಳಲ್ಲೂ ಉಸಿರಿನ ಸಾಧನೆ ಪರಿಚಿತವಾದದ್ದೇ.

ಈ ಹಿನ್ನೆಲೆಯಲ್ಲಿ ಪದವನ್ನು ಮತ್ತೆ ಓದಿದರೆ ಹೊಗೆ ಕರಗಿ ಉಸಿರು ಉಳಿಯುತ್ತದೆ. ಬುರುಡೆ ಶರೀರವಾದ ಮೇಲೆ ಸೇದುವುದೆಂದರೆ ಉಸಿರಾಡುವುದೇ ಅಲ್ಲವೇ? ಬುದ್ಧಿಯ ಕೆಂಡದಲ್ಲಿ ಮೋಹವನ್ನು ಬೇಯಿಸುತ್ತ ಎಚ್ಚರದಿಂದ ಉಸಿರಾಡುವುದು. ಒಡಲ ಬೇನೆಯನ್ನು ಕಳೆದುಕೊಳ್ಳಲು ಈ ಗುಡುಗುಡಿ ಎನ್ನುತ್ತಾರೆ ಶರೀಫರು. ಬೇನೆ ತರುವ ವಸ್ತುವನ್ನು ಮದ್ದೆಂದು ಕೊಡುವ ಈ ವ್ಯಂಗ್ಯ ಅವರಿಗೆ ತಿಳಿಯದ್ದೇನಲ್ಲ. ಹಳ್ಳಿಯ ಜಗಲಿಗಳಲ್ಲಿ ಕೆಮ್ಮುತ್ತ ಸೇದುವವರನ್ನು ಅವರು ನೋಡಿರಲೇಬೇಕು. ಕೆಮ್ಮುವವನಿಗೆ ಅವನ ಭಾಷೆಯಲ್ಲೇ, ಅವನ ಕೈಯಲ್ಲಿದ್ದ ಸಾಧನವನ್ನೇ ತೋರಿಸಿ ಹೇಳಿದ ಮಾತಿದು. ಇದರಲ್ಲಿ ಮುಜುಗರಪಡುವಂಥದು ನಮಗೆ ಕಾಣುವುದಿಲ್ಲ. ಪದವನ್ನು ಮುಚ್ಚಿಡಬೇಕೆನ್ನುವವರು ಹೊಗೆಯನ್ನು ವಿರೋಧಿಸುವ ಭರದಲ್ಲಿ, ಹೊಗೆಯನ್ನು ಬಿಡಿಸುವ ಒಂದು ಒಳ್ಳೆಯ ಉಪಾಯವನ್ನೇ ಬಿಟ್ಟುಕೊಡುತ್ತಿದ್ದಾರೆ.

ಹೊಸ ಸಂಗೀತದ ಬಗ್ಗೆಯೂ ಒಂದು ಮಾತು. ಗಿಟಾರು, ಡ್ರಮ್ಮುಗಳ ಜೊತೆ ತತ್ವಪದ ಹಾಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಏಕತಾರಿ, ದಮ್ಮಡಿಗಳೂ ಒಂದು ಕಾಲಕ್ಕೆ ಹೊಸವೇ. ಅಸದ್ ಬೇಗನ ವಾದ ಇಲ್ಲಿ ಸಲ್ಲುತ್ತದೆ. ರಘು ದೀಕ್ಷಿತರ ಕಂಠದಲ್ಲಿ ಶರೀಫರ ಸಲುಗೆ ಇದೆ, ಕರೆ ಇದೆ. ಆದರೆ ವೇಗದ ಸಂಗೀತದಲ್ಲಿ ಪಲ್ಲವಿ ಮೇಲೇಳುತ್ತದೆ, ನುಡಿಗಳು ಹಿಂದೆ ಸರಿಯುತ್ತವೆ. ಕೇಳುವ ಹುಡುಗರು ಪಲ್ಲವಿಯನ್ನಷ್ಟೇ ಕೂಗುತ್ತಾರೆ. ಆಗ ಸೇದುವುದು ಉಳಿಯಿತು, ಕಟ್ಟುವುದು ಹೋಯಿತು. ಭಜನಾ ಮೇಳದಲ್ಲಿ ಒಬ್ಬ ಹೇಳಿದ ನುಡಿಯನ್ನು ಉಳಿದವರು ತಿರುಗಿ ಹೇಳುತ್ತಾರೆ. ಸಂಚಿಯೂ ಬೆಂಕಿಯೂ ಬುರುಡೆಯೂ ಒಂದೊಂದಾಗಿ ಎಲ್ಲರ ಬಾಯಲ್ಲಿ ಹಾದುಹೋಗುತ್ತವೆ. ಕೊಳವೆ ಸುತ್ತು ಬಂದಂತೆ ಪದವೂ ಸುತ್ತು ಬರುತ್ತದೆ.

ಆದ್ದರಿಂದ ಶಾಲೆ ಕಾಲೇಜುಗಳಲ್ಲಿ, ಉರುಸುಗಳಲ್ಲಿ, ಜಾತ್ರೆಗಳಲ್ಲಿ ಈ ಪದವನ್ನು ಹಾಡುವವರಲ್ಲಿ ನಮ್ಮದೊಂದು ವಿನಂತಿ. ಪಲ್ಲವಿಗೆ ನಿಲ್ಲಬೇಡಿ, ನುಡಿಗಳನ್ನೂ ಪೂರ್ತಿ ಹಾಡಿ. ಮುಕ್ಕಾಲು ಪಾಲು ಅಲ್ಲೇ ಇದೆ.